ಮುಟ್ಟಿ ನೋಡುವವರ ತೋಟಕ್ಕೆ ಗಾಜು ಹಾಕಿಸಿದವರಿಗೆ

ಉದ್ಯಾನದ ಮಾನ್ಯ ಅಧೀಕ್ಷಕರೇ,

ಕಣ್ಣು ಕಾಣದವರಿಗೆಂದೇ ಮಾಡಿದ ತೋಟದಲ್ಲಿ ನೀವು ‘ನೋಡಿ ಆನಂದಿಸಿ, ಮುಟ್ಟಬೇಡಿ’ ಎಂದು ಬೋರ್ಡು ನೆಡಿಸಿದ್ದೀರಿ. ಬೆರಳಿನಿಂದ ಓದಲೆಂದು ಕೂರಿಸಿದ್ದ ಬ್ರೈಲ್ ಫಲಕಗಳ ಮೇಲೆ ಗಾಜು ಹಾಕಿಸಿ, ನಾಲ್ಕು ಮೂಲೆಗೂ ತಿರುಪು ಬಿಗಿಸಿದ್ದೀರಿ. ಓದುವವರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಾರು. ತಮಾಷೆ ನನ್ನ ಸ್ವಭಾವವಲ್ಲ, ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆ ಬೋರ್ಡನ್ನು ಓದಲು ಅಷ್ಟು ಸಾಕಾಯಿತು. ಬರೆಸಲು ಎಷ್ಟು ಓದಿರಬೇಕೋ ತಿಳಿಯದು.

ನಿಮ್ಮ ಉದ್ಯಾನಕ್ಕೆ ನೂರು ವರ್ಷ ದಾಟಿದೆ ಎಂದು ಮುಖ್ಯದ್ವಾರದ ಕಲ್ಲೇ ಹೇಳುತ್ತದೆ. ನಾನು ಸೊಸೆಯಾಗಿ ಬಂದ ವಾರವೇ ನನ್ನ ಗಂಡ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ಜೊತೆಗೆ ಅವರ ತಂಗಿಯೂ ಬಂದಿದ್ದಳು, ಯಾರೂ ಕರೆಯದೆ. ಅಂದಿನಿಂದ ಇಂದಿನವರೆಗೆ ಕಳ್ಳಿಮನೆ, ಕಲ್ಲುತೋಟ, ತಾವರೆಕೊಳ ಎಲ್ಲವನ್ನೂ ನೋಡಿದ್ದೇನೆ. ಈಗೀಗ ಗುಲಾಬಿ ತೋಟದಲ್ಲಿ ಗುಲಾಬಿಗಿಂತ ನಿಮ್ಮ ಇಲಾಖೆಯ ಫಲಕಗಳೇ ಹೆಚ್ಚು ಅರಳಿವೆ. ಅದನ್ನೂ ಸಹಿಸಿಕೊಂಡಿದ್ದೆ.

ಆ ಕರೆಯದೆ ಬಂದ ನಾದಿನಿಯ ವಿಷಯಕ್ಕೇ ಈ ಪತ್ರ. ಮೂವತ್ತೊಂದು ವರ್ಷ ಅವಳು ಅಂಗಿ ಹೊಲಿಯುವ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿದವಳು. ಮದುವೆ ಬೇಡವೆಂದಳು, ನಮ್ಮಲ್ಲೇ ಉಳಿದಳು. ನಮ್ಮಿಬ್ಬರಿಗೆ ಒಂದು ದಿನವೂ ಸರಿಬಂದದ್ದಿಲ್ಲ. ನಾನು ಹಾಕಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವುದು ಅವಳ ಚಾಳಿ. ಐವತ್ತು ದಾಟಿದ ಮೇಲೆ ಕಣ್ಣು ಮಂಜಾಗುತ್ತ ಬಂದು, ನಾಲ್ಕು ವರ್ಷಗಳಲ್ಲಿ ಪೂರ್ತಿ ಹೋಯಿತು. ಆಮೇಲೆ ಹಿಂದಿನ ಕೋಣೆ ಸೇರಿದಳು. ಊಟಕ್ಕೂ ಕೂಗಿ ಕೂಗಿ ಕರೆಯಬೇಕು. ಅಷ್ಟರಲ್ಲಿ ನೀವು, ಅಥವಾ ನಿಮಗಿಂತ ಬುದ್ಧಿಯಿದ್ದ ಯಾರೋ ಹಿಂದಿನ ಅಧೀಕ್ಷಕರು, ಈ ಸ್ಪರ್ಶವನವನ್ನು ತೆರೆದರು. ಸೊಂಟದೆತ್ತರದ ಹದಿಮೂರು ಕಟ್ಟೆ, ಕಟ್ಟೆಗೊಂದು ಗಿಡ, ಗಿಡಕ್ಕೊಂದು ಚುಕ್ಕಿಗಳ ಫಲಕ.

ಅವಳನ್ನು ಕೋಣೆಯಿಂದ ಹೊರಗೆಳೆದದ್ದು ನಾನಲ್ಲ, ಡಾಕ್ಟರಲ್ಲ, ಆ ಗಿಡಗಳು. ದವನ ಮುಟ್ಟಿ, ಇದು ತೊಳೆದು ತೊಳೆದು ಮೆತ್ತಗಾದ ಮಲ್ಲು ಬಟ್ಟೆ ಅಂದಳು. ನಿಂಬೆಹುಲ್ಲಿಗೆ ಗಂಜಿ ಜಾಸ್ತಿಯಾಯಿತು ಅಂದಳು. ಒಂದು ಎಲೆಯನ್ನು ಮಡಚಿ, ಅತ್ತಿಗೆ ಥರ, ಮೇಲೆ ಮಾತ್ರ ಒರಟು ಅಂದಳು. ಕೇಳಿಸದವಳ ಹಾಗೆ ಮುಂದಕ್ಕೆ ನಡೆದೆ. ಫಲಕ ಓದಲೇಬೇಕೆಂದು ಒಂದೂವರೆ ವರ್ಷ ಕೂತು ಚುಕ್ಕಿ ಕಲಿತಳು. ಪ್ರತಿ ಗುರುವಾರ ಬೆಳಿಗ್ಗೆ ಅವಳೇ ನನ್ನನ್ನು ಹೊರಡಿಸುತ್ತಿದ್ದಳು.

ಮೂರು ವಾರಗಳ ಹಿಂದೆ, ನಿಮ್ಮ ನವೀಕರಣ ಮುಗಿದು ತೋಟ ಮತ್ತೆ ತೆರೆದ ಮೊದಲ ಗುರುವಾರ, ಅವಳ ಬೆರಳು ಗಾಜಿನ ಮೇಲೆ ಜಾರಿತು. ಗಾಬರಿಯಿಂದ ಗಿಡವನ್ನು ಹುಡುಕಿ ಹಿಡಿದುಕೊಂಡಳು. ಸೀಟಿ ಊದುತ್ತ ಕಾವಲುಗಾರ ಓಡಿ ಬಂದ.

‘ಏನಮ್ಮಾ, ಬೋರ್ಡ್ ಕಾಣ್ಸಲ್ವಾ?’

‘ಇಲ್ಲಪ್ಪಾ, ಕಾಣ್ಸಲ್ಲ. ನೀನೇ ಓದಿ ಹೇಳು.’

ಅವನು ಓದಿದ. ಗಟ್ಟಿಯಾಗಿ, ಪೂರ್ತಿ. ಯಾವ ಗಿಡಕ್ಕೆ ಹಾಕಿದ್ದು ಅದು ಅಂತ ಇವಳು ಕೇಳಿದಳು. ಹದಿಮೂರಕ್ಕೂ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಓದುವಾಗ ಅವನ ದನಿ ಇಳಿಯುತ್ತ ಹೋದದ್ದನ್ನು ಕೇಳಿದ್ದೇನೆ. ಓದಿದ ಮೇಲಾದರೂ ಅವನಿಗೆ ನಾಚಿಕೆಯಾಯಿತು. ನಿಮ್ಮ ಕಚೇರಿಯಲ್ಲಿ ಈ ಬೋರ್ಡಿನ ಕಾಗದ ಎಷ್ಟು ಮೇಜು ದಾಟಿರಬೇಕು? ಅಷ್ಟು ಮೇಜುಗಳ ಹಿಂದೆ ಒಬ್ಬರಿಗೂ ನಾಚಿಕೆಯಾಗಲಿಲ್ಲವೇ?

ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಬಹಳ ಮರ್ಯಾದೆಯಿಂದ ವಿವರಿಸಿದರು: ಜನ ಮುಟ್ಟಿ ಮುಟ್ಟಿ ಚುಕ್ಕಿಗಳು ಸವೆಯುತ್ತಿದ್ದವಂತೆ, ಅದಕ್ಕೇ ಗಾಜು. ಹಾಗಾದರೆ ಉದ್ಯಾನದ ದಾರಿಗಳೂ ನಡೆದು ನಡೆದು ಸವೆಯುತ್ತಿವೆ, ಅವನ್ನೂ ಸುತ್ತಿ ಕಪಾಟಿನಲ್ಲಿಡಿ ಅಂದೆ. ಅವರು ಬರೆದುಕೊಂಡರು. ಲಿಖಿತ ದೂರು ಕೊಟ್ಟೆ. ನಿಮ್ಮದೇ ಸಹಿಯಲ್ಲಿ ಉತ್ತರ ಬಂತು: ‘ಅಳವಡಿಸಲಾದ ಗಾಜು ಪಾರದರ್ಶಕವಾಗಿದ್ದು, ದೃಷ್ಟಿದೋಷವುಳ್ಳ ಸಂದರ್ಶಕರು ಫಲಕಗಳನ್ನು ಅದರ ಮೂಲಕ ಸ್ಪಷ್ಟವಾಗಿ ವೀಕ್ಷಿಸಬಹುದಾಗಿದೆ.’

ಈ ವಾಕ್ಯವನ್ನು ನಾನು ನಾಲ್ಕು ಸಲ ಓದಿದೆ. ವ್ಯಾಕರಣ ಸರಿಯಾಗಿದೆ. ಸರಿಯಿರುವುದು ಅದೊಂದೇ.

ಅಧೀಕ್ಷಕರೇ, ‘ನೋಡು’ ಎಂಬ ಮಾತು ನಮ್ಮ ಭಾಷೆಯಲ್ಲಿ ಕಣ್ಣಿಗೆ ಮಾತ್ರ ಸೇರಿದ್ದಲ್ಲ. ಸಾರಿಗೆ ಉಪ್ಪಿದೆಯೇ ಎಂದು ಕುಡಿದು ನೋಡುತ್ತೇವೆ. ಹಾಲು ಕೆಟ್ಟಿದೆಯೇ ಎಂದು ಮೂಸಿ ನೋಡುತ್ತೇವೆ. ಮಗುವಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವೆ. ನನ್ನ ನಾದಿನಿ ಕಣ್ಣು ಹೋದ ಮೇಲೂ ‘ಗಿಡ ನೋಡ್ಕೊಂಡು ಬರೋಣ ಬಾ ಅತ್ತಿಗೆ’ ಎಂದೇ ಅನ್ನುತ್ತಿದ್ದಳು, ಅದರಲ್ಲಿ ಸುಳ್ಳಿರಲಿಲ್ಲ. ನೋಡುವುದು ಎಷ್ಟು ಬಗೆ ಎಂದು ಕಾಜಾ ಹೊಲಿಯುವ ಹೆಂಗಸಿಗೆ ಗೊತ್ತಿದೆ. ಎರಡು ಕಣ್ಣು, ಒಂದು ಕನ್ನಡಕ, ಒಂದು ಇಲಾಖೆ ಇಟ್ಟುಕೊಂಡ ನಿಮಗೆ ಗೊತ್ತಿಲ್ಲ.

ಈಗ ಅವಳು ಗುರುವಾರ ಹೊರಡುವುದಿಲ್ಲ. ಅದಾದರೂ ಹೋಗಲಿ. ಮೊನ್ನೆ ಬಟ್ಟೆ ಮಡಚುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು, ಕೈ ಮಡಿಲಲ್ಲಿಟ್ಟುಕೊಂಡು. ನಾನು ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುವವಳು, ಒಂದಕ್ಕೂ ಕೈ ಹಾಕಲಿಲ್ಲ. ಆಮೇಲೆ ಕೇಳಿದಳು:

‘ಮುಟ್ಟಬಹುದಾ ಅತ್ತಿಗೆ?’

ತಾನು ಹುಟ್ಟಿದ ಮನೆಯಲ್ಲಿ, ತನ್ನದೇ ಸೀರೆಯನ್ನು.

ನಿಮ್ಮನ್ನು ಬೈದು ಮುಗಿಸಿದರೆ ನನಗೆ ಸಲೀಸು. ಆದರೆ ಇನ್ನೊಂದನ್ನೂ ಹೇಳಬೇಕು. ಆ ಗುರುವಾರ ಸೀಟಿ ಕೇಳಿ ಜನ ತಿರುಗಿ ನೋಡಿದಾಗ, ಕಾವಲುಗಾರನ ಕೈ ಅವಳನ್ನು ಮುಟ್ಟಲೇ ಇಲ್ಲ. ಗಿಡದ ಮೇಲಿದ್ದ ಅವಳ ಕೈಯನ್ನು ಎಳೆದದ್ದು ನಾನು. ‘ಕೈ ತೆಗಿ, ಮಾನ ಕಳೀಬೇಡ’ ಅಂದದ್ದೂ ನಾನೇ. ನನ್ನ ಮನೆತನದ ಮರ್ಯಾದೆ ಇಂಥ ಬೋರ್ಡಿಗಿಂತ ದೊಡ್ಡದೆಂದು ನಲವತ್ತು ವರ್ಷ ಅಂದುಕೊಂಡಿದ್ದೆ. ಎರಡೂ ಒಂದೇ ಅಳತೆಯವು. ಅದಕ್ಕೇ ಈಗ ನಾನು ‘ಮುಟ್ಟೇ, ನಿನ್ನದೇ’ ಎಂದರೆ ಅವಳು ನಂಬುವುದಿಲ್ಲ.

ಆದ್ದರಿಂದ ನನಗೆ ಪರಿಶೀಲನೆ ಬೇಡ, ಸಮಿತಿ ಬೇಡ, ನಿಮ್ಮ ವಿಷಾದವೂ ಬೇಡ. ಐವತ್ತೆರಡು ತಿರುಪು ಬಿಚ್ಚಿಸಿ. ಬೋರ್ಡು ಕೀಳಿಸಿ. ಚುಕ್ಕಿ ಸವೆದರೆ ಹೊಸ ಫಲಕ ಮಾಡಿಸಿ. ಸವೆಯಲೆಂದೇ ಅವು ಇರುವುದು. ಆಮೇಲೆ ಒಂದು ಬೆಳಿಗ್ಗೆ ನೀವೇ ನಮ್ಮ ಮನೆಗೆ ಬನ್ನಿ. ಹಾರ, ಫೋಟೋದವರು ಬೇಡ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ‘ಮುಟ್ಟಬಹುದು’ ಎಂದು ಒಂದೇ ಮಾತು ಗಟ್ಟಿಯಾಗಿ ಹೇಳಿ. ನಿಮ್ಮ ಪಕ್ಕದಲ್ಲಿ ನಿಂತು ನಾನೂ ಹೇಳುತ್ತೇನೆ. ಇಬ್ಬರಲ್ಲಿ ಒಬ್ಬರನ್ನಾದರೂ ಅವಳು ನಂಬಲಿ.

ಇಂತಿ,
ನಿಮ್ಮ ಸೀಟಿಗೆ ನಿಮ್ಮ ಕಾವಲುಗಾರನಿಗಿಂತ ಬೇಗ ಓಗೊಟ್ಟ
ಒಬ್ಬ ಅತ್ತಿಗೆ