ವೈಟ್ನರ್ ಬಳಿದ ಉತ್ತರ

ಅಮ್ಮಾ,

ನರ್ಸಿಂಗ್ ತರಬೇತಿ ಅರ್ಜಿಯಲ್ಲಿ ‘ಮಾನಸಿಕ ಕಾಯಿಲೆ ಇತ್ತೇ?’ ಅನ್ನೋ ಕಡೆ ನಾನು ಬರೆದಿದ್ದ ‘ಹೌದು’ ಮೇಲೆ ವೈಟ್ನರ್ ಬಳಿದು ‘ಇಲ್ಲ’ ಅಂತ ಬರೆದಿದ್ದೀಯಲ್ಲ, ನಿನ್ನ ಕಟ್ಕೊಂಡು ಏನು ಮಾಡ್ಲಿ? ಅದರ ಹಿಂದೇನೇ ‘ಎರಡು ವರ್ಷ ಚಿಕಿತ್ಸೆ ಕೊಟ್ಟಿದ್ದೇನೆ, ಈಗ ಆರಾಮಾಗಿದ್ದಾಳೆ’ ಅಂತ ಡಾಕ್ಟರು ಬರೆದ ಪತ್ರಕ್ಕೆ ಪಿನ್ ಹೊಡೆದಿದ್ದೆ!

ಹೊಸ ಫಾರಂ ತರೋಕೆ ಹೋಗ್ತಿದ್ದೀನಿ. ಇವತ್ತೇ ಕೊನೇ ದಿನ.

ಆಸ್ಪತ್ರೆ ವಾರ್ಡಲ್ಲಿದ್ದಾಗ ದಿನಾ ನನ್ನ ತಲೆ ಬಾಚಿ ಜಡೆ ಹಾಕ್ತಿದ್ದ ನರ್ಸನ್ನ ನೋಡಿಯೇ ನನಗೆ ಈ ಆಸೆ ಹುಟ್ಟಿದ್ದು. ಅದನ್ನ ಮುಚ್ಚಿಟ್ಟು ಸಂದರ್ಶನದಲ್ಲಿ ಯಾವ ಕಥೆ ಕಟ್ಟಲಿ?

ಹಾಲು ಕಾಯಿಸಿಟ್ಟಿದ್ದೀನಿ. ನಿನ್ನ ಬಿಪಿ ಮಾತ್ರೆ ಟಿವಿ ಮುಂದಿದೆ, ತಗೋ. ನೆಂಟರು ಬರ್ತಾರೆ ಅಂತ ಸಾಸಿವೆ ಡಬ್ಬಿ ಹಿಂದೆ ಬಚ್ಚಿಟ್ಟಿದ್ದೀಯಲ್ಲ, ನನ್ನ ಮಾತ್ರೆ, ಅದನ್ನೂ ತಂದು ಪಕ್ಕದಲ್ಲೇ ಇಡು.