ಅಪ್ಪನ ರುಮಾಲಿಗೆ ಚಿನ್ನ

೨ ಫೆಬ್ರವರಿ ೨೦೧೫, ಗಂಗಾವತಿ

ಬ್ಯಾಗ್ ರೆಡಿ. ಬಸ್ಸಿಗೆ ಇನ್ನೂ ಹೊತ್ತಿದೆ. ಅಪ್ಪ ರೈಸ್‌ಮಿಲ್ಲಿಗೆ ಹೋದ, ಕೆಮ್ಮುತ್ತಲೇ. ದೀಪಾವಳಿಯಿಂದ ಇದೇ ಕೆಮ್ಮು. ಮಿಲ್ಲಿನ ಚಾವಣಿ ಹಳೆಯ ಆಸ್ಬೆಸ್ಟಾಸ್ ಶೀಟು, ಒಡೆದು ಪುಡಿ ಉದುರುತ್ತದೆ. ಆ ವಿಷದ ಪುಡಿ ಅವನ ಎದೆಗೆ ಇಳಿದಿದ್ದರೆ... ಬೇಡ. ಅವನು ನಿನ್ನೆ ಮೂಗಿಗೆ ಕಟ್ಟಿದ್ದ ರುಮಾಲನ್ನು ಧಾರವಾಡಕ್ಕೆ, ನಮ್ಮ ಯೂನಿವರ್ಸಿಟಿ ಲ್ಯಾಬಿಗೆ ಒಯ್ಯುತ್ತೇನೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಧೂಳು ನೋಡಬೇಕು.

ಅದೇ ದಿನ, ಬಸ್ಸಿನಲ್ಲಿ

ಅಯ್ಯೋ ಅವ್ವಾ! ರುಮಾಲನ್ನು ಸೋಪು ಹಚ್ಚಿ ತೊಳೆದು, ಮಡಚಿ ಇಟ್ಟಿದ್ದಾಳೆ. ಫೋನ್ ಮಾಡಿ ಬೈದೆ.

"ಹೊಲಸು ರುಮಾಲ ಮಂದಿ ಮುಂದ ಹಿಡಿತಾರೇನ? ಪಕೀರಪ್ಪನ ಹೇಣ್ತಿಗೆ ನಾಚಿಕಿಲ್ಲ ಅನ್ನಂಗಿಲ್ಲೇನ?"

೫ ಫೆಬ್ರವರಿ, ಧಾರವಾಡ

ತೊಳೆದದ್ದೇ ಆಗಲಿ ಎಂದು ರುಮಾಲಿನ ಒಂದು ಚೂರು ಕತ್ತರಿಸಿದೆ. ಬಟ್ಟೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಚಿತ್ರ ಸರಿಯಾಗಿ ಮೂಡಲು ಅದಕ್ಕೆ ಚಿನ್ನದ ತೆಳು ಲೇಪ ಕೊಡಬೇಕು. ಬಾಯಿ ತಪ್ಪಿ ಅವ್ವನಿಗೆ ಹೇಳಿಬಿಟ್ಟೆ.

"ನಾ ಕೊರಳಿಗೆ ಬೋರಮಾಳ ಸರ ಕೇಳಿ ಕೇಳಿ ಸಾಕಾತು. ನಿಮ್ಮಪ್ಪನ ರುಮಾಲಿಗೆ ಚಿನ್ನ ಅಂತ!"

ಸಂಜೆ — ಸ್ಕ್ರೀನ್ ಮೇಲೆ ಸೂಜಿಗಳು, ಆಸ್ಬೆಸ್ಟಾಸ್ ಎಳೆ ಕಾಣುವುದೂ ಹೀಗೆಯೇ. ಎಳೆಗಳ ನಡುವೆ ಚುಚ್ಚಿಕೊಂಡಿವೆ. ಸೋಪಿಗೂ ಹೋಗಿಲ್ಲ. ಎದೆಯಿಂದ ಹೇಗೆ ಹೋದಾವು? ಮನೆಗೆ ಹೇಳಿಲ್ಲ.

೯ ಫೆಬ್ರವರಿ

ಬರೆಯಲು ಮನಸ್ಸಾಗಿರಲಿಲ್ಲ. ಊಟವೂ ಸೇರಲಿಲ್ಲ. ಇವತ್ತು ಮತ್ತೆ ಮಷಿನ್ ಸಿಕ್ಕಿತು. ಸೂಜಿಯಲ್ಲಿ ಏನೇನಿದೆ ಎಂದು ಗ್ರಾಫ್ ತೆಗೆದೆ. ಸಿಲಿಕಾನ್, ಆಕ್ಸಿಜನ್, ಇಂಗಾಲ, ನಾವು ಹಚ್ಚಿದ ಚಿನ್ನ. ಅಷ್ಟೇ! ಆಸ್ಬೆಸ್ಟಾಸ್ ಆಗಿದ್ದರೆ ಮೆಗ್ನೀಷಿಯಮ್ಮೋ ಕಬ್ಬಿಣವೋ ಕಾಣಬೇಕಿತ್ತು. ಭತ್ತದ ಹೊಟ್ಟನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರ ಮೈತುಂಬ ಅವೇ ಸೂಜಿಗಳು. ಹೊಟ್ಟಿನ ರೋಮ! ಲ್ಯಾಬಿನಲ್ಲೇ ಅತ್ತುಬಿಟ್ಟೆ. ನನ್ನ ಗೈಡ್ ಮೇಡಂ ಚಹಾ ತರಿಸಿದರು.

೧೫ ಫೆಬ್ರವರಿ, ಗಂಗಾವತಿ

ನಿನ್ನೆ ಡಾಕ್ಟರು ಎಕ್ಸ್‌ರೇ ನೋಡಿದರು. ಎದೆ ಚೆನ್ನಾಗಿದೆಯಂತೆ. ಹೊಟ್ಟಿನ ಧೂಳಿನ ಕೆಮ್ಮು, ಔಷಧಕ್ಕೆ ಇಳಿಯುತ್ತದೆ, ಮಾಸ್ಕ್ ಮಾತ್ರ ಬಿಡಬಾರದು. ಮಿಲ್ಲಿನವರು ಶೀಟನ್ನೂ ತೆಗೆಸುತ್ತಾರಂತೆ. ಅಪ್ಪನಿಗೆ ಸೂಜಿಗಳ ಫೋಟೊ ತೋರಿಸಿದೆ.

"ಇಷ್ಟಕ್ಕ ಉಪಾಸ ಕುಂತಿದ್ದೇನ? ಹುಚ್ಚಿ!" ಎಂದ. ಆಚೆ ತಿರುಗಿ ಕಣ್ಣು ಒರೆಸಿಕೊಂಡ. ಆಮೇಲೆ ತೂತು ಬಿದ್ದ ರುಮಾಲನ್ನೇ ಹೆಗಲಿಗೆ ಹಾಕಿಕೊಂಡು, "ಚಿನ್ನದ ರುಮಾಲು ನೋಡ್ರಲೇ" ಅಂತ ಓಣಿಯೆಲ್ಲ ತಿರುಗಿ ಬಂದ.

ಹಗುರಾಯಿತು ಜೀವ. ನಾಳೆಯಿಂದ ಹೊಸ ಮಾಸ್ಕ್ ಹಾಕಿಕೊಂಡೇ ಹೋಗುತ್ತಾನೆ. ನೀರು ತಾಗಿಸಿದರೆ ಮಾಸ್ಕ್ ಕೆಡುತ್ತದೆ ಅಂತ ಅಪ್ಪನಿಗೆ ಹೇಳಿದ್ದೇನೆ. ಅವ್ವನಿಗೆ ಹೇಳಿದೆನೋ ಇಲ್ಲವೋ... ಹಿತ್ತಲಲ್ಲಿ ನಲ್ಲಿ ಸದ್ದು. ಸೋಪಿನ ವಾಸನೆ.

ಅವ್ವಾ, ಅದನ್ನ ಬ್ಯಾಡ—