ಹಿಟ್ಟಿನ ಡಬ್ಬಿಯೊಳಗಿನ ಚಸ್ಮಾ

ತಂಗಿ ಸಲೋಮಿ,

ನಾ ಸೀರಿ ಗಂಟು ತಗೊಂಡು ಮಹಾಲಿಂಗಪುರಕ್ಕ ಹೊಂಟೇನಿ. ಅಪ್ಪ ಕೇಳಿದ್ರ ಹಂಗ ಹೇಳು, ಈ ಸಲ ಖರೇನ ಐತಿ.

ನಿನಗ ಕಾಣ್ಲಿ ಅಂತ ಈ ಚೀಟಿ ದಪ್ಪ ಅಕ್ಷರದಾಗ ಬರದೇನಿ. ಜ್ವಾಳದ ಹಿಟ್ಟಿನ ಡಬ್ಬ್ಯಾಗ ಕೈ ಹಾಕು, ಚಸ್ಮಾ ಐತಿ. "ಕಣ್ಣಿಗೆ ಡಾಕ್ಟರ್ ಕಡೆ ಹ್ವಾದ್ರ ದೇವರ ಮ್ಯಾಲ ವಿಶ್ವಾಸ ಇಲ್ಲದಂಗ" ಅಂತಾರಲ್ಲ ಅಪ್ಪ, ಅದಕ್ಕ ಬಸ್‌ಸ್ಟ್ಯಾಂಡಿನ್ಯಾಗ ತಗೊಂಡೇನಿ. ಡಾಕ್ಟರ್ ಮಾರಿ ಸೈತ ನೋಡಿಲ್ಲ. ಯಾರರೆ ಕೇಳಿದ್ರ ಸುಮ್ನಿರು. ಸುಳ್ಳು ಹೇಳೂದು ಈ ಮನ್ಯಾಗ ನನ್ನ ಕೆಲಸ.

ನಲವತ್ಮೂರು ವರ್ಷದಾಕಿ, ಕಡದ ಎಳಿ ಕಾಣವೊಲ್ದು ಅಂತ ಮಗ್ಗದ ಮುಂದ ಕುಂತು ಅಳಬ್ಯಾಡ ಬೇ. ಇನ್ನೊಂದು ಸೀರಿ ಕೆಡಿಸಿದ್ರ ಮಗ್ಗ ಬಿಡಿಸಿ ಅಡಗಿ ಮನ್ಯಾಗ ಕುಂದ್ರಸ್ತೀನಿ ಅಂದಾರ ಅಪ್ಪ. ನಿನ್ನ ಸಾರು ದಿನಾ ಉಣ್ಣೂ ಶಕ್ತಿ ನನಗಿಲ್ಲ. ಕೆಂಪು ಅಂಚಿನ ಸೀರಿ ಇವತ್ತ ಛಲೋತ್ನಂಗ ಮುಗಸು.

ನಿನ್ನಿ ಮನಿ ಪ್ರಾರ್ಥನಾದಾಗ ಬೈಬಲ್‌ನ ಸಣ್ಣ ಅಕ್ಷರ ಕಾಣದ ನೀ ಬಾಯಿಪಾಠ ಕೀರ್ತನಿ ಹೇಳಿದಿ. ನಿನ್ನ ಕೈಯಾಗ ತಗದಿದ್ದು ಕೀರ್ತನಿ ಅಲ್ಲ, ಯೋಬನ ಪುಸ್ತಕ. ಬಾಜೂಕ ಅಪ್ಪ ತಮ್ಮ ಬೈಬಲ್ ಮ್ಯಾಲ ಬೆರಳಿಟ್ಟು, ಸಾಲು ಹಿಡದು ನಿನ್ನ ಜೋಡಿನ ಓದಿದ್ರು. ಬಗ್ಗಿ ನೋಡೇನಿ: ಅವರ ಬೆರಳು ರೂತಳ ಪುಸ್ತಕದ ಮ್ಯಾಲ ಇತ್ತು, ಅಲ್ಲೂ ಕೀರ್ತನಿ ಇರಲಿಲ್ಲ. ನೀವಿಬ್ರೂ ಕೂಡೇ "ಆಮೆನ್" ಅಂದ್ರಿ.

ಅದಕ್ಕ ಎರಡು ಚಸ್ಮಾ ತಂದೇನಿ. ಇನ್ನೊಂದು ಅವರ ಬೈಬಲ್‌ನ್ಯಾಗ ಇಟ್ಟೇನಿ. ಮುಂಜಾನಿ ಅವರು ಬಾಗಲಾ ಮುಂದ ಮಾಡ್ಕೊಂಡು ಓದೂವಾಗ ಕಿಟಕ್ಯಾಗ ಹಣಿಕಿ ಹಾಕು. ಚಸ್ಮಾ ಏರಿಸಿದ್ರಂದ್ರ ನಿಂದೂ ಹಾಕ್ಕೊ, ಬಾಗಲಾ ದೂಡಿ ಒಳಗ ಹೋಗಿ ಚಾ ಕೊಡು. ಒಂದ ಮಾತೂ ಆಡಬ್ಯಾಡ.

ನಿಮ್ಮಣ್ಣ ತಿಮೋಥಿ